ಬಿಡುಗಡೆಯ ಸುದ್ದಿ ಮೊದಲು ಯಾರಿಗೆ?

ಸೊರಬದ ಗಡಿ ದಾಟಿದರೆ ಹಾನಗಲ್ಲು ತಾಲ್ಲೂಕು. ಅಲ್ಲಿನ ಸಾಮೂಹಿಕ ಅತ್ಯಾಚಾರ ಮೊಕದ್ದಮೆಯ ಏಳು ಮಂದಿ ಆರೋಪಿಗಳು 2025ರ ಮೇ ತಿಂಗಳಲ್ಲಿ ಜಾಮೀನು ಪಡೆದು ಹಾವೇರಿಯ ಸೆರೆಮನೆಯಿಂದ ಹೊರಬಂದರು. ಬಂದವರು ಸುಮ್ಮನೆ ಮನೆಗೆ ಹೋಗಲಿಲ್ಲ. ಅಕ್ಕಿಆಲೂರಿನ ಬೀದಿಯಲ್ಲಿ ಕಾರು, ಬೈಕುಗಳ ಮೆರವಣಿಗೆಯಾಯಿತು. ಚುನಾವಣೆ ಗೆದ್ದವರಂತೆ ಕೈಬೀಸಿದ ಚಿತ್ರ ನಾಡಿನವರೆಲ್ಲ ನೋಡಿದರು. ಪೋಲೀಸರು ಆಮೇಲೆ ಎಚ್ಚೆತ್ತು ಹೊಸ ಮೊಕದ್ದಮೆ ಹೂಡಿದರು. ಜಾಮೀನು ಕೊಡಬೇಕಿತ್ತೇ ಬೇಡವೇ ಎಂಬುದು ನ್ಯಾಯಾಲಯದ ಮಾತು. ಆರೋಪ ಹೊತ್ತವನಿಗೂ ಹಕ್ಕುಗಳಿವೆ. ನಾವು ಕೇಳುವುದು ಬೇರೆ. ಬಿಡುಗಡೆಯ ದಿನ ವಕೀಲರಿಗೆ ಗೊತ್ತಿತ್ತು, ಜೈಲಿನವರಿಗೆ ಗೊತ್ತಿತ್ತು, ಬಾಡಿಗೆ ಕಾರಿನವನಿಗೂ ಗೊತ್ತಿತ್ತು. ಇಂಥ ಸುದ್ದಿಯನ್ನು ನೊಂದ ಹೆಣ್ಣುಮಗಳಿಗೆ ಮುಂಚಿತವಾಗಿ ಮುಟ್ಟಿಸುವ ಹೊಣೆ ಈ ರಾಜ್ಯದಲ್ಲಿ ಯಾರದು?

ಉತ್ತರವಿಲ್ಲದ ಪ್ರಶ್ನೆ ಇದೊಂದೇ ಅಲ್ಲ. 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ಅಮೃತೋತ್ಸವದ ದಿನವೇ, ಗೋಧ್ರಾ ಸೆರೆಮನೆಯಿಂದ ಬಿಲ್ಕಿಸ್ ಬಾನೊ ಪ್ರಕರಣದ 11 ಮಂದಿ ಜೀವಾವಧಿ ಕೈದಿಗಳನ್ನು ಗುಜರಾತ್ ಸರ್ಕಾರ ಬಿಟ್ಟಿತು. ಅವರಿಗೆ ಸಿಹಿ ಹಂಚಿ ಹಾರ ಹಾಕಿದರು. ಇಂಥ ತೀರ್ಮಾನಕ್ಕೆ ಮುನ್ನ ತನ್ನ ಸುರಕ್ಷತೆಯ ಬಗ್ಗೆ ಒಬ್ಬರೂ ವಿಚಾರಿಸಲಿಲ್ಲವೆಂದು ಆಕೆ ಹೇಳಿಕೆ ಕೊಟ್ಟರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ 2024ರ ಜನವರಿ 8ರಂದು ಆ ಬಿಡುಗಡೆಯನ್ನು ರದ್ದು ಮಾಡಿ ಹನ್ನೊಂದು ಮಂದಿಯನ್ನೂ ಸೆರೆಮನೆಗೆ ಮರಳಿಸಿತು. ಆದರೆ ರದ್ದಾದದ್ದು ಮುಖ್ಯವಾಗಿ ಬಿಡುವ ಅಧಿಕಾರ ಗುಜರಾತಿಗೆ ಇರಲಿಲ್ಲ, ಮೊಕದ್ದಮೆ ನಡೆದ ಮಹಾರಾಷ್ಟ್ರಕ್ಕೆ ಇತ್ತು ಎಂಬ ಕಾರಣಕ್ಕೆ. ಅಧಿಕಾರವಿದ್ದ ಸರ್ಕಾರ ಹೀಗೆಯೇ ಸದ್ದಿಲ್ಲದೆ ಬಿಟ್ಟರೆ ಗತಿಯೇನು?

ಶಿಕ್ಷೆ ಮಾಫಿ ಮಾಡುವಾಗ ಸರ್ಕಾರ ನೋಡಬೇಕಾದ ಐದು ಅಂಶಗಳನ್ನು ಸುಪ್ರೀಂ ಕೋರ್ಟು 2000ದಲ್ಲಿ ಲಕ್ಷ್ಮಣ್ ನಸ್ಕರ್ ಮೊಕದ್ದಮೆಯಲ್ಲಿ ಹೇಳಿತು. ಅಪರಾಧ ಸಮಾಜವನ್ನು ಹೇಗೆ ತಟ್ಟಿತು, ಮತ್ತೆ ಮಾಡುವ ಸಂಭವವಿದೆಯೇ, ಆ ಶಕ್ತಿ ಅವನಲ್ಲಿ ಉಳಿದಿದೆಯೇ, ಇನ್ನೂ ಒಳಗಿಟ್ಟರೆ ಪ್ರಯೋಜನವುಂಟೇ, ಕೈದಿಯ ಕುಟುಂಬದ ಆರ್ಥಿಕ ಸ್ಥಿತಿಯೇನು. ಐದನೆಯದನ್ನು ನಾವು ಮನಃಪೂರ್ವಕ ಒಪ್ಪುತ್ತೇವೆ. ಆದರೆ ಸತ್ತವನ ಹೆಂಡತಿಯ ಸ್ಥಿತಿ ಆ ಪಟ್ಟಿಯಲ್ಲಿ ಎಲ್ಲಿದೆ?

ಈಗ ಹೊಸನಗರದ ಮಾತಿಗೆ ಬರೋಣ. ನಮ್ಮ ಕಡೆಯ ಮನೆಗಳು ಬಯಲುಸೀಮೆಯ ಊರಿನಂತೆ ಗೋಡೆಗೆ ಗೋಡೆ ಹೊಂದಿಕೊಂಡಿಲ್ಲ. ತೋಟದ ತಲೆಗೊಂದು, ಗುಡ್ಡದ ಬುಡಕ್ಕೊಂದು. ಕೂಗಿದರೆ ಕೇಳುವವರಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲ, ಕರೆಂಟಿಲ್ಲದೆ ಟವರಿಲ್ಲ. ಅಂಥ ಮನೆಯ ಕೂಲಿ ಹೆಂಗಸು ಸಾಗರದ ಕೋರ್ಟಿಗೆ ಹತ್ತು ಸಲ ಬಸ್ಸು ಹತ್ತಿ, ಕೂಲಿ ಕಳೆದುಕೊಂಡು, ಉಳ್ಳವರ ಮನೆಯವನ ವಿರುದ್ಧ ಸಾಕ್ಷಿ ಹೇಳುತ್ತಾಳೆ ಎಂದಿಟ್ಟುಕೊಳ್ಳಿ. ಶಿಕ್ಷೆಯಾಗುತ್ತದೆ. ವರ್ಷಗಳ ಮೇಲೆ ಒಂದು ಸಂತೆಯ ದಿನ ರಿಪ್ಪನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎದುರು ನಿಂತಿರುತ್ತಾನೆ! ಪೆರೋಲೋ, ಸನ್ನಡತೆಯೋ, ಅಪೀಲಿನಲ್ಲಿ ಜಾಮೀನೋ, ಅವಳಿಗೆ ತಿಳಿಯದು. ಮರುದಿನದಿಂದ ಅವಳು ಕೆಲಸಕ್ಕೆ ಹೋಗುವ ದಾರಿ ಬದಲಾಗುತ್ತದೆ. ಮಗಳನ್ನು ಶಾಲೆ ಬಿಡಿಸುತ್ತಾಳೆ. ಅದನ್ನು ಕಂಡ ನೆರೆಯವರು ಮುಂದೆ ಯಾರ ವಿರುದ್ಧವೂ ಸಾಕ್ಷಿ ನುಡಿಯುವುದಿಲ್ಲ. ಉಳ್ಳವನಿಗೆ ಸುದ್ದಿ ತರಲು ವಕೀಲನಿದ್ದಾನೆ, ಶಾಸಕರ ಆಪ್ತನಿದ್ದಾನೆ. ಇಲ್ಲದವಳಿಗೆ ಸುದ್ದಿ ತರುವುದು ಪಟಾಕಿಯ ಸದ್ದು ಮಾತ್ರ.

ಕಾನೂನು ಪೂರ್ತಿ ಮೂಕವಾಗಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಸೇರಿ 2016ರ ಜನವರಿ 26ರಿಂದ ಜಾರಿಯಲ್ಲಿರುವ 15ಎ ಕಲಮು, ಜಾಮೀನು ಸೇರಿದಂತೆ ಕೋರ್ಟಿನ ಕಲಾಪದ ನೋಟೀಸು ನೊಂದವರಿಗೆ ಸಕಾಲದಲ್ಲಿ ಸಿಗಬೇಕೆನ್ನುತ್ತದೆ. ಬಿಡುಗಡೆ, ಪೆರೋಲುಗಳ ವಿಚಾರಣೆಯಲ್ಲಿ ಅವರ ಮಾತು ಕೇಳಬೇಕೆನ್ನುತ್ತದೆ. ಈ ನೋಟೀಸು ಕಡ್ಡಾಯವೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ದಲಿತ ಚಳವಳಿಯ ಒತ್ತಾಯದಿಂದ ಬಂದ ಈ ಹಕ್ಕನ್ನು ಎಲ್ಲ ಘೋರ ಅಪರಾಧಗಳ ಸಂತ್ರಸ್ತರಿಗೂ, ಸೆರೆಮನೆಯ ಬಾಗಿಲು ತೆರೆಯುವ ದಿನದವರೆಗೂ ವಿಸ್ತರಿಸಲು ಅಡ್ಡಿಯೇನು? ಅಮೆರಿಕದ ಕೆಂಟಕಿಯಲ್ಲಿ 1993ರ ಡಿಸೆಂಬರಿನಲ್ಲಿ ಯುವತಿಯೊಬ್ಬಳು ತನ್ನ 21ನೇ ಹುಟ್ಟುಹಬ್ಬದ ದಿನವೇ ಕೊಲೆಯಾದಳು. ಕೊಂದವನು ಅವಳ ಮೇಲೆ ಅತ್ಯಾಚಾರವೆಸಗಿ ಜೈಲು ಸೇರಿದ್ದವನು. ಹೊರಬಂದದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಮರುವರ್ಷವೇ ಅಲ್ಲಿ ದೂರವಾಣಿಯ ಮೂಲಕ ಮುನ್ಸೂಚನೆ ಕೊಡುವ ಏರ್ಪಾಡಾಯಿತು. ನಮಗೂ ಒಂದು ಹೆಣ ಬೀಳಬೇಕೇ?

ನಮ್ಮನ್ನು ಯಾರೂ ತಪ್ಪು ತಿಳಿಯಬಾರದು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಜೈಲು ತುಂಬಿದ ಗೇಣಿದಾರರ, ಸಾಗರದಲ್ಲಿ ಬಂಧಿತರಾದ ಲೋಹಿಯಾ ಅವರ ಪರಂಪರೆಯವರು ನಾವು. ಸೆರೆಮನೆಯ ಗೋಡೆ ಎತ್ತರವಾಗಲೆಂದು ಕೇಳುವವರಲ್ಲ. ದೇಶದ ಕೈದಿಗಳಲ್ಲಿ ಬಹುಪಾಲು ವಿಚಾರಣೆ ಮುಗಿಯದ ಬಡವರೇ. ಮಾಫಿಗೆ ಅರ್ಹನಾದ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಅವನ ಕಡತ ತೆರೆಯಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಸ್ವಾಗತಿಸುತ್ತೇವೆ. ಅದೇ ನ್ಯಾಯ ನೊಂದವರಿಗೂ ಇರಲಿ. ಅವರೂ ಅರ್ಜಿ ಹಿಡಿದು ಅಲೆಯಬಾರದು. ತಿಳಿಸುವುದೆಂದರೆ ತಡೆಯುವ ಅಧಿಕಾರ ಕೊಡುವುದಲ್ಲ. ಶಿಕ್ಷೆ ಮುಗಿಸಿದವನು ಬರಲಿ, ಬದುಕಲಿ.

ಆದರೆ ತಿಳಿಸುವ ರೀತಿ ಮುಖ್ಯ. ಮೊಬೈಲಿಗೊಂದು ಸಂದೇಶ ಕಳಿಸಿ ಕೈ ತೊಳೆದುಕೊಳ್ಳುವುದು ಮಲೆನಾಡಿನಲ್ಲಿ ನಡೆಯದು. ಪಂಚಾಯ್ತಿಯ ಬೋರ್ಡಿಗೆ ಅಂಟಿಸಿದರೆ ಆ ಹೆಣ್ಣಿನ ಮಾನವೇ ಬೀದಿಗೆ ಬರುತ್ತದೆ. ಬೀಟಿನ ಪೋಲೀಸಿನವರು, ಹೆಂಗಸರಿದ್ದಲ್ಲಿ ಮಹಿಳಾ ಪೋಲೀಸರೇ, ಮನೆಗೆ ಹೋಗಿ ಕನ್ನಡದಲ್ಲಿ ಓದಿ ಹೇಳಬೇಕು. ಬೆದರಿಕೆ ಬಂದರೆ ಯಾರನ್ನು ಕಾಣಬೇಕೆಂದು ಬರೆದುಕೊಡಬೇಕು. ಇದಕ್ಕೆ ವಿಧಾನಸಭೆಯ ಅಧಿವೇಶನ ಕಾಯಬೇಕಿಲ್ಲ. ಸೆರೆಮನೆಯ ನಿಯಮಗಳನ್ನು ಮಾಡುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ಸನ್ನಡತೆಯ ಬಿಡುಗಡೆಗೆ ಪಟ್ಟಿ ಹೇಗೂ ತಯಾರಾಗುತ್ತದೆ. ಮುಂದಿನ ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರಿಗೂ ಇನ್ನೊಂದು ಅಂಕಣ ಎಳೆಯಲಿ: ನೊಂದವರಿಗೆ ತಿಳಿಸಿದ ತಾರೀಖು, ತಿಳಿಸಿದ ಅಧಿಕಾರಿಯ ಸಹಿ.