ಮಡಚಿದರೆ ಲಾರಿ, ಬಿಚ್ಚಿದರೆ ಭಟ

‘ಟ್ರಾನ್ಸ್‌ಫಾರ್ಮರ್’ ಎಂಬ ಶಬ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದೇ ಅರ್ಥ. ಹೊಲದ ಬದುವಿನಲ್ಲಿ ಕಂಬದ ಮೇಲೆ ನಿಂತು, ಸರಿಯಾಗಿ ನಡುಬೇಸಿಗೆಯಲ್ಲಿ ಸುಟ್ಟು, ದ್ರಾಕ್ಷಿಯ ಬಳ್ಳಿಗೆ ನೀರಿಲ್ಲದಂತೆ ಮಾಡುವ ವಿದ್ಯುತ್ ಪರಿವರ್ತಕವೇ ಅದು. ಜನರ ಬಾಯಲ್ಲಿ ‘ಟಿ.ಸಿ.’. ಆದ್ದರಿಂದ ತಿಕೋಟಾದ ನಮ್ಮ ಬೀಗರೊಬ್ಬರ ಮುಂದೆ, ನಾವು ಟ್ರಾನ್ಸ್‌ಫಾರ್ಮರ್‌ಗಳನ್ನು ಸಂಗ್ರಹಿಸುತ್ತೇವೆ ಎಂದು ಹೇಳಿದಾಗ ಅವರು ಕ್ಷಣಕಾಲ ನಮ್ಮ ಮುಖವನ್ನೇ ನೋಡಿ, “ಎಷ್ಟು ಕೆ.ವಿ.ವು ಅದಾವ್ರೀ?” ಎಂದು ಕೇಳಿದ್ದು ಸಹಜವೇ ಆಗಿತ್ತು.

ನಮ್ಮಲ್ಲಿರುವವು ಅಂಗೈಯ ಮೇಲೆ ನಿಲ್ಲುವ ಯಂತ್ರಮಾನವರು. ನೋಡುವಾಗ ಲಾರಿ, ಕಾರು ಅಥವಾ ವಿಮಾನ. ಕೀಲುಗಳನ್ನು ಕ್ರಮವರಿತು ತಿರುಗಿಸಿ, ಎಳೆದು, ಮಡಚಿದರೆ ಅದೇ ವಸ್ತು ಕೈಕಾಲು ತಲೆಗಳುಳ್ಳ ಭಟನಾಗಿ ನಿಲ್ಲುತ್ತದೆ. ಇಂತಹ 23 ಆಟಿಕೆಗಳು ವಿಜಯಪುರದ ನಮ್ಮ ಮನೆಯ ಗಾಜಿನ ಕಪಾಟಿನಲ್ಲಿವೆ. ಮೊಮ್ಮಕ್ಕಳನ್ನು ಕಂಡವರ ಮನೆಯಲ್ಲಿ ಬೆಳ್ಳಿಯ ಪಾತ್ರೆ ಇರಬೇಕಾದ ಕಪಾಟಿನಲ್ಲಿ ಪ್ಲಾಸ್ಟಿಕ್ ಗೊಂಬೆಗಳೇಕೆ ಎಂದು ಬಂದವರು ಕೇಳುವುದುಂಟು. ಆ ಪ್ರಶ್ನೆಗೆ ಈ ತಿಂಗಳ ಅಂಕಣದಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕೆನಿಸಿದೆ.

ಇವುಗಳ ತವರು ಜಪಾನು. ಅಲ್ಲಿಯ ಟಕಾರಾ ಕಂಪನಿಯು 1980ರಲ್ಲಿ ‘ಡಯಾಕ್ಲೋನ್’ ಎಂಬ ಆಟಿಕೆಗಳ ಮಾಲಿಕೆಯನ್ನು ಆರಂಭಿಸಿತು; ವಾಹನಗಳು ಯಂತ್ರಮಾನವರಾಗುವ ಚಮತ್ಕಾರವು ಕೆಲವೇ ವರ್ಷಗಳಲ್ಲಿ ಅದಕ್ಕೆ ಸೇರಿತು. 1983ರಲ್ಲಿ ‘ಮೈಕ್ರೋ ಚೇಂಜ್’ ಎಂಬ ಇನ್ನೊಂದು ಮಾಲಿಕೆ ಬಂದಿತು. ಇದರಲ್ಲಿ ಕ್ಯಾಸೆಟ್ ಯಂತ್ರ, ಕ್ಯಾಮೆರಾ, ಪಿಸ್ತೂಲುಗಳಂತಹ ಕೈಬಳಕೆಯ ವಸ್ತುಗಳೇ ಭಟರಾಗುತ್ತಿದ್ದವು. ಅಮೆರಿಕೆಯ ಹ್ಯಾಸ್ಬ್ರೋ ಕಂಪನಿಯು ಇವೆರಡನ್ನೂ ಒಂದುಗೂಡಿಸಿ, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ ಮಾರಿತು. ಜಪಾನಿನ ಡಯಾಕ್ಲೋನ್ ಆಟಿಕೆಯೊಳಗೆ ಹೆಬ್ಬೆರಳಿಗಿಂತ ಚಿಕ್ಕದಾದ ಚಾಲಕನೊಬ್ಬ ಕುಳಿತಿರುತ್ತಿದ್ದ. ಯಂತ್ರವನ್ನು ನಡೆಸುವವನು ಅವನು. ಅಮೆರಿಕೆಯವರು ಆ ಚಾಲಕನನ್ನು ಕೆಳಗಿಳಿಸಿ ಯಂತ್ರಕ್ಕೇ ಜೀವವಿದೆಯೆಂದು ಕಥೆ ಕಟ್ಟಿದರು. ಮಾರ್ವೆಲ್ ಕಾಮಿಕ್ಸ್ ಸಂಸ್ಥೆಯ ಬಾಬ್ ಬುಡಿಯಾನ್ಸ್ಕಿ ಎಂಬ ಸಂಪಾದಕರು ಬಹುತೇಕ ಭಟರಿಗೆ ಹೆಸರು, ಸ್ವಭಾವಗಳನ್ನು ಬರೆದುಕೊಟ್ಟರು. ಹೆಸರು ದೊರೆತ ಬಳಿಕ ವಸ್ತುವಿನ ಮೇಲೆ ಮಮತೆ ಹುಟ್ಟುತ್ತದೆ. ಎತ್ತಿಗೆ ಹೆಸರಿಟ್ಟು ಕೂಗುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮಗೆ ಅತ್ಯಂತ ಪ್ರಿಯವಾದುದು ಯಾವುದೆಂದು ಕೇಳಿದರೆ, ಅನೇಕರು ನಿರೀಕ್ಷಿಸುವ ನಾಯಕನ ಹೆಸರನ್ನು ನಾವು ಹೇಳುವುದಿಲ್ಲ. ‘ಸೌಂಡ್‌ವೇವ್’ ಎಂಬ ನೀಲಿ ಬಣ್ಣದ ಖಳನೇ ನಮ್ಮ ಮೆಚ್ಚಿನವನು. ಮಡಚಿದಾಗ ಅವನೊಂದು ಪುಟ್ಟ ಕ್ಯಾಸೆಟ್ ಯಂತ್ರ. ಗುಂಡಿಯೊತ್ತಿದರೆ ಎದೆಯ ಬಾಗಿಲು ತೆರೆಯುತ್ತದೆ, ಒಳಗೆ ಬೆರಳುದ್ದದ ಕ್ಯಾಸೆಟ್ಟು. ಆ ಕ್ಯಾಸೆಟ್ಟನ್ನು ಬಿಚ್ಚಿದರೆ ಒಂದು ಕರಿಚಿರತೆ. ಇನ್ನೊಂದನ್ನು ಬಿಚ್ಚಿದರೆ ಹಕ್ಕಿ. ಇದನ್ನು ಮಾಡಿದವರ ಯುಕ್ತಿಯೆಲ್ಲ ವೇಷ ಮರೆಸುವುದರಲ್ಲಿದೆ. 1984ರಲ್ಲಿ ಕ್ಯಾಸೆಟ್ ಯಂತ್ರವು ಯಾರ ಮನೆಯಲ್ಲಿದ್ದರೂ ಯಾರೂ ಎರಡನೆಯ ಸಲ ನೋಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಆಗ ಬೆಳಗಿನ ವಚನಗಾಯನ ಮೊದಲಾಗುತ್ತಿದ್ದುದು ಅದೇ ಪೆಟ್ಟಿಗೆಯಿಂದ. ಪಟ್ಟಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಇಂದಿನ ಮಕ್ಕಳು ಸೌಂಡ್‌ವೇವ್‌ನನ್ನು ಭಟನ ರೂಪದಲ್ಲಿ ನೋಡಿದರೆ ಥಟ್ಟನೆ ಗುರುತಿಸುತ್ತಾರೆ, ಮಡಚಿಟ್ಟರೆ ಇದೇನೆಂದು ತಿರುಗಿಸಿ ನೋಡುತ್ತಾರೆ. ಮರೆಯಾಗಲೆಂದು ತೊಟ್ಟ ವೇಷವೇ ಅವನನ್ನು ಎತ್ತಿ ತೋರಿಸುವಂತಾಗಿದೆ. ನಲವತ್ತು ವರ್ಷಗಳಲ್ಲಿ ಬದಲಾದದ್ದು ಆಟಿಕೆಯಲ್ಲ, ಸುತ್ತಲಿನ ಮನೆ!

ಇನ್ನು ನಾಯಕ ‘ಆಪ್ಟಿಮಸ್ ಪ್ರೈಮ್’. ಕೆಂಪು ಲಾರಿ, ಹಿಂದೊಂದು ಬೂದು ಬಣ್ಣದ ಟ್ರೇಲರ್. ಚಾಲಕನ ಕೋಣೆಯ ಗಾಜುಗಳು ಎದೆಯಾಗುತ್ತವೆ, ಹಿಂದಿನ ಗಾಲಿಗಳ ಭಾಗ ಕೆಳಗಿಳಿದು ಕಾಲುಗಳಾಗುತ್ತವೆ. 1986ರ ಚಲನಚಿತ್ರದಲ್ಲಿ ಇವನನ್ನು ಸಾಯಿಸಿದಾಗ ಅಮೆರಿಕೆಯ ಮಕ್ಕಳು ಚಿತ್ರಮಂದಿರದಲ್ಲಿಯೇ ಅತ್ತರಂತೆ. ಹೊಸ ಆಟಿಕೆಗಳಿಗೆ ಜಾಗ ಮಾಡಲೆಂದು ಹಳೆಯವರನ್ನು ತೆಗೆದುಹಾಕಿದ ವ್ಯಾಪಾರದ ಲೆಕ್ಕವದು. ಮಕ್ಕಳ ಮನಸ್ಸು ಆ ಲೆಕ್ಕಕ್ಕೆ ಒಪ್ಪಲಿಲ್ಲ, ಮರುವರ್ಷವೇ ದೂರದರ್ಶನದ ಕಥೆಯಲ್ಲಿ ಅವನು ಜೀವಂತನಾಗಿ ಬಂದ. ಈ ಆಟಿಕೆಯಲ್ಲಿ ನಮಗೆ ಒಂದು ತಕರಾರಿದೆ. ಒಳ್ಳೆಯ ರೂಪಾಂತರದಲ್ಲಿ ಏನನ್ನೂ ಕೂಡಿಸಬಾರದು, ಏನನ್ನೂ ಕಳೆಯಬಾರದು. ಇದ್ದುದೇ ಮಗ್ಗುಲು ಬದಲಿಸಿ ಬೇರೆಯಾಗಬೇಕು. ಆದರೆ ಹಳೆಯ ವಿನ್ಯಾಸದ ಆಪ್ಟಿಮಸ್‌ನ ನೀಲಿ ಮುಷ್ಟಿಗಳೆರಡೂ ಬಿಡಿಭಾಗಗಳು. ಲಾರಿಯಾಗುವಾಗ ಕಿತ್ತಿಡಬೇಕು, ಭಟನಾಗುವಾಗ ಸಿಕ್ಕಿಸಬೇಕು. ಕಡಲೆಕಾಳಿನಂತಹ ಆ ಮುಷ್ಟಿಗಳು ಎಷ್ಟು ಮನೆಗಳಲ್ಲಿ ಕಸಬರಿಗೆಯ ಪಾಲಾಗಿವೆಯೋ!

ಹಳದಿ ‘ಬಂಬಲ್‌ಬೀ’ ಮೊದಲು ಫೋಕ್ಸ್‌ವ್ಯಾಗನ್ ಬೀಟಲ್ ಕಾರಾಗಿತ್ತು. 2007ರ ಚಲನಚಿತ್ರದ ನಂತರ ಮಕ್ಕಳಿಗೆ ಅದು ಕಮಾರೋ ಕಾರು. ಖಳನಾಯಕ ‘ಮೆಗಾಟ್ರಾನ್’ ಮೂಲತಃ ನಿಜವಾದಂತೆಯೇ ಕಾಣುವ ಪಿಸ್ತೂಲು. ಅದನ್ನು ನಾವು ಕೊಂಡಿಲ್ಲ, ಕೊಳ್ಳುವುದೂ ಇಲ್ಲ. ಮಾಡಿದವರೇ 1993ರ ಹೊತ್ತಿಗೆ ಅವನನ್ನು ಟ್ಯಾಂಕ್ ಆಗಿ ಬದಲಿಸಿದರು. ಉಳಿದವುಗಳ ವರ್ಣನೆಯಿಂದ ಓದುಗರನ್ನು ದಣಿಸುವುದಿಲ್ಲ. ಒಂದನ್ನು ಮಾತ್ರ ಬಿಡಲಾಗದು: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಾಚೆ, ಗೋಣಿತಾಟಿನ ಮೇಲೆ ಹರಡಿದ ಆಟಿಕೆಗಳಲ್ಲಿ ಕೊಂಡ ಹೆಸರಿಲ್ಲದ ಲಾರಿ. ಅದಕ್ಕೆ ಕಂಪನಿಯಿಲ್ಲ, ಕಥೆಯಿಲ್ಲ, ಎರಡೇ ಕೀಲು. ಬಾನೆಟ್ಟನ್ನು ಎತ್ತಿದರೆ ತಲೆ, ಹಿಂಬದಿಯನ್ನು ಎಳೆದರೆ ಕಾಲು, ಅಲ್ಲಿಗೆ ಮುಗಿಯಿತು. ಮೂರು ವರ್ಷದ ಕೂಸು ಯಾರ ಸಹಾಯವೂ ಇಲ್ಲದೆ ತಾನೇ ಬದಲಿಸಬಲ್ಲ ಆಟಿಕೆಯೆಂದರೆ ನಮ್ಮ ಸಂಗ್ರಹದಲ್ಲಿ ಅದೊಂದೇ. ಸಾವಿರಾರು ರೂಪಾಯಿಯ ಕೆಲವು ಆಟಿಕೆಗಳನ್ನು ಬಿಚ್ಚಲು ನಮಗೇ ಅರ್ಧ ತಾಸು ಬೇಕಾಗುತ್ತದೆ. ಅದನ್ನು ಆಟವೆನ್ನಬೇಕೋ ರಿಪೇರಿಯೆನ್ನಬೇಕೋ ತಿಳಿಯದು.

ವಸ್ತುವು ಮಡಚಿಕೊಂಡು ಬೇರೆ ರೂಪ ತಾಳುವುದು ಪರದೇಶದ ವಿದ್ಯೆಯೇನಲ್ಲ. ಪುರಾಣ ಪ್ರವಚನ ನಡೆಯುವ ಮನೆಗಳಲ್ಲಿರುವ ವ್ಯಾಸಪೀಠವನ್ನು ನೋಡಿರಿ. ಮಡಚಿ ಗೋಡೆಗೆ ಒರಗಿಸಿದರೆ ಬರಿಯ ಹಲಗೆ. ಬಿಚ್ಚಿದರೆ ಗ್ರಂಥವನ್ನು ಹೊರುವ ಪೀಠ. ಒಳ್ಳೆಯ ಬಡಿಗನು ಅದನ್ನು ಒಂದೇ ಮರದ ಹಲಗೆಯಿಂದ ಮಾಡುತ್ತಾನೆ. ಹಲಗೆಯನ್ನು ದಪ್ಪದಲ್ಲಿ ಸೀಳುತ್ತಾ ಬಂದು, ನಡುವೆ ಹಲ್ಲುಹಲ್ಲಾಗಿ ಕೊರೆದರೆ ಎರಡು ಭಾಗಗಳು ಒಂದರೊಳಗೊಂದು ಹೆಣೆದುಕೊಂಡೇ ತಿರುಗುತ್ತವೆ, ಮೊಳೆಯಿಲ್ಲ, ಅಂಟಿಲ್ಲ. ನಮ್ಮ ಊರಿನ ಮುಸಲ್ಮಾನ ಬಂಧುಗಳ ಮನೆಗಳಲ್ಲಿ ಕುರಾನನ್ನು ಇಡುವ ರೆಹಲ್ ಕೂಡ ಇದೇ ಕೀಲಿನದು. ಕೂಡಿಸದೆ, ಕಳೆಯದೆ ರೂಪ ಬದಲಿಸಬೇಕೆಂಬ ನಮ್ಮ ಪರೀಕ್ಷೆಯಲ್ಲಿ ವ್ಯಾಸಪೀಠವು ಆಪ್ಟಿಮಸ್‌ಗಿಂತ ಮೇಲು.

ಈಗ ಕಪಾಟಿನ ಮಾತು. ಅದಕ್ಕೆ ಬೀಗವಿತ್ತು, ಮತ್ತು ಬೀಗಕ್ಕೆ ಕಾರಣಗಳೂ ಇದ್ದವು. ಹೊರದೇಶದ ಆಟಿಕೆಗಳ ಮೇಲಿನ ಸುಂಕವು 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐ.ಎಸ್.ಐ. ಗುರುತಿಲ್ಲದ ಆಟಿಕೆಗಳ ಮಾರಾಟವನ್ನೂ ತಡೆಯಲಾಯಿತು. ಮಕ್ಕಳ ಸುರಕ್ಷತೆಗೂ ನಮ್ಮ ದೇಶದ ಕುಶಲಿಗರಿಗೂ ಇದು ಒಳ್ಳೆಯದೇ; ಆದರೆ ಮುರಿದುದಕ್ಕೆ ಬದಲಿಯನ್ನು ತರುವುದು ನಮ್ಮಂಥವರಿಗೆ ಕಠಿಣವಾಯಿತು. ಹೀಗಾಗಿ ರಜೆಗೆ ತಿಕೋಟಾ, ಬಬಲೇಶ್ವರಗಳಿಂದ ಬರುವ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುವುದು, ನಾವು ಒಂದೊಂದನ್ನೇ ಹೊರತೆಗೆದು ತೋರಿಸಿ ಮತ್ತೆ ಒಳಗಿಡುವುದು ರೂಢಿಯಾಗಿತ್ತು.

ಬೀಗವು ಕಾಯಲಾರದ ಶತ್ರುವೊಂದು ಒಳಗೇ ಇತ್ತು. 1980ರ ದಶಕದ ಕೊನೆಯ ಭಾಗದ ಕೆಲವು ಆಟಿಕೆಗಳಲ್ಲಿ ಚಿನ್ನದಂತೆ ಹೊಳೆಯುವ ಕಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ್ದಾರೆ. ಆ ಕಣಗಳಿಂದಲೇ ಪ್ಲಾಸ್ಟಿಕ್ಕಿನ ಬಿಗಿ ಸಡಿಲಿ, ವರ್ಷಗಳು ಕಳೆದಂತೆ ಅದು ಬಿಸ್ಕಿಟ್ಟಿನಂತೆ ಪುಡಿಯಾಗುತ್ತದೆ. ಪೆಟ್ಟಿಗೆಯಿಂದ ಎಂದೂ ತೆಗೆಯದ ಆಟಿಕೆಯೂ ಮೊದಲ ಸಲ ತಿರುಗಿಸುವಾಗಲೇ ಮುರಿಯುತ್ತದೆಂದು ಸಂಗ್ರಾಹಕರೆಲ್ಲ ಬಲ್ಲರು. ನಮ್ಮಲ್ಲಿದ್ದ ಅಂತಹ ಒಂದರ ತೋಳು, ಯಾರೂ ಆಡದೆ, ಯಾರೂ ಬೀಳಿಸದೆ, ಒಂದು ಬೇಸಿಗೆಯಲ್ಲಿ ತಾನಾಗಿ ಉದುರಿತು. ಬಿಳಿಯವು ಬಿಸಿಲಿನ ಬೆಳಕಿಗೆ ಹಳದಿಯಾಗುತ್ತಿವೆ. ನಲವತ್ತು ಡಿಗ್ರಿ ದಾಟುವ ವಿಜಯಪುರದ ಏಪ್ರಿಲ್ ತಿಂಗಳಲ್ಲಿ ಗಾಜಿನ ಕಪಾಟು ಒಲೆಯೇ ಸರಿ.

ಆ ವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಬಬಲೇಶ್ವರದಲ್ಲಿದ್ದೆವು. ಎರೆಮಣ್ಣಿನ ಎತ್ತುಗಳನ್ನು ಜಗುಲಿಯ ಮೇಲಿಟ್ಟು, ಪೂಜಿಸಿ, ಹೋಳಿಗೆಯ ನೈವೇದ್ಯವಾದ ಮರುದಿನ ಮಕ್ಕಳು ಏನು ಮಾಡುತ್ತಾರೆಂಬುದು ನಮ್ಮ ಭಾಗದವರಿಗೆ ಗೊತ್ತಿದೆ. ಒಂದು ಎತ್ತಿನ ಕಾಲನ್ನು ಮುರಿದು ಕುಂಟೆತ್ತು ಮಾಡಿ, ಅದನ್ನು ಹಿಡಿದು ಮನೆಮನೆಗೆ ಹಾಡುತ್ತಾ ಹೋಗಿ, ಜೋಳ ಕಾಸು ಬೇಡಿ ತರುತ್ತಾರೆ. ಕೊನೆಗೆ ಎತ್ತುಗಳು ನೀರಿಗೆ ಹೋಗುತ್ತವೆ. ಮಣ್ಣು ಎತ್ತಾಗಿ, ದೇವರಾಗಿ, ಕುಂಟಾಗಿ, ಮತ್ತೆ ಮಣ್ಣಾಗುತ್ತದೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ. ಮುರಿಯುವುದು ನಮ್ಮ ಮಕ್ಕಳ ಆಟದ ಒಂದು ಅಂಗವೇ ಆಗಿರುವ ನಾಡಿದು. ಈಚೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಣ್ಣದ ಎತ್ತುಗಳೂ ಸಂತೆಗೆ ಬರುತ್ತಿವೆ. ಅವು ನೀರಿನಲ್ಲಿ ಬೇಗ ಕರಗುವುದಿಲ್ಲ, ಕುಂಬಾರನ ಮನೆಯ ಒಂದು ಹಂಗಾಮಿನ ದುಡಿಮೆಯನ್ನು ಮಾತ್ರ ಕರಗಿಸುತ್ತವೆ. ಓದುಗರು ಮಣ್ಣಿನವನ್ನೇ ಕೊಳ್ಳಬೇಕೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಬಬಲೇಶ್ವರದಿಂದ ಮರಳಿದ ಮೇಲೆ ಕಪಾಟಿನ ಬೀಗವನ್ನು ತೆಗೆದೆವು. ಪುಡಿಯಾಗುವ ಜಾತಿಯ ಎರಡನ್ನು ಮಾತ್ರ ಮೇಲಿನ ಅಟ್ಟಕ್ಕೆ ಏರಿಸಿ, ಉಳಿದುವನ್ನು ಕೆಳಗಿನ ಅಟ್ಟಗಳಲ್ಲಿ, ಮಕ್ಕಳ ಕೈ ನಿಲುಕುವಂತೆ ಇಟ್ಟೆವು. ನಿಯಮ ಒಂದೇ: ಒತ್ತಾಯ ಮಾಡಬಾರದು. ಕೀಲು ತಿರುಗಲಿಲ್ಲವೆಂದರೆ ಅದಕ್ಕೆ ಮೊದಲು ಬೇರೊಂದು ತಿರುಗಬೇಕಾಗಿದೆ ಎಂದರ್ಥ.

ಮುಂದಿನ ರಜೆಗೆ ಬಂದ ಬಬಲೇಶ್ವರದ ಹತ್ತು ವರ್ಷದ ಹುಡುಗಿ, ನಾವು ಸೂಚನಾಪತ್ರ ನೋಡಿಯೇ ಬಿಚ್ಚುತ್ತಿದ್ದ ವಿಮಾನವೊಂದನ್ನು ಪತ್ರವಿಲ್ಲದೆ ಬಿಚ್ಚಿದಳು. ಹೇಗೆ ತಿಳಿಯಿತೆಂದು ಕೇಳಿದರೆ, “ಅಜ್ಜಾರ, ಎಲ್ಲೆ ಗೆರಿ ಐತಿ ಅಲ್ಲೇ ಬಿಚ್ಚತೈತ್ರಿ” ಎಂದಳು. ತಿಕೋಟಾದ ಹುಡುಗ ಆಪ್ಟಿಮಸ್‌ನ ಟ್ರೇಲರಿನಲ್ಲಿ ಮಣೂಕದ ಹಣ್ಣುಗಳನ್ನು ತುಂಬಿ ಅಂಗಳದ ತುಂಬ ಸಾಗಿಸಿದ. ಅವನ ಮನೆಯ ಒಣದ್ರಾಕ್ಷಿಯ ಶೆಡ್ಡಿನಲ್ಲಿ ನಡೆಯುವುದು ಅದೇ ಕೆಲಸ. ಆ ಸಾಗಾಟದಲ್ಲಿ ಎಡಗೈಯ ನೀಲಿ ಮುಷ್ಟಿ ಕಳೆದುಹೋಯಿತು. ಹುಡುಗನ ಮುಖ ಸಣ್ಣದಾಯಿತು. ಅಂಗಳ, ಮೋರಿ, ತುಳಸಿಕಟ್ಟೆ ಎಲ್ಲ ಹುಡುಕಿದರೂ ಸಿಗಲಿಲ್ಲ. ಹುಡುಗಿಯು ತನ್ನ ಊರಿನಿಂದ ಎರೆಮಣ್ಣು ತರಿಸಿ ಒಂದು ಮುಷ್ಟಿಯನ್ನು ತಿದ್ದಿದಳು. ಒಣಗಿದಾಗ ಅದು ಬಿರುಕುಬಿಟ್ಟಿತು. ಎರಡನೆಯದಕ್ಕೆ, ದೊಡ್ಡವರು ಎತ್ತು ಮಾಡುವಾಗ ಬೆರೆಸುವಂತೆ, ಸ್ವಲ್ಪ ಅರಳೆಯನ್ನು ಬೆರೆಸಿ ನಾದಿದಳು. ಅದು ನಿಂತಿದೆ. ಒಂದು ಕೈ ನೀಲಿ, ಒಂದು ಕೈ ಕಪ್ಪು. ಲಾರಿಯಾಗಿಸುವಾಗ ಎರಡನ್ನೂ ಕಿತ್ತು, ಮರೆಯದಂತೆ ಒಂದು ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಹಾಕಿಡುತ್ತೇವೆ.