ಬದುಕಿರುವೆನೆಂಬುದಕ್ಕೆ ಪ್ರಮಾಣ

ಪ್ರಶ್ನೆ: ಕೇಂದ್ರ ಸರ್ಕಾರದ ನಿವೃತ್ತ ನೌಕರರು ವರ್ಷಕ್ಕೊಮ್ಮೆ ಒಪ್ಪಿಸಬೇಕಾದ ಜೀವಿತ ಪ್ರಮಾಣಪತ್ರವನ್ನು, ಕಾಗದದ ಹಾದಿಯನ್ನು ಮುಚ್ಚಿ, ಆನ್‌ಲೈನ್ ಮೂಲಕವೇ ಸಲ್ಲಿಸತಕ್ಕದ್ದೆಂದು ವಿಧಿಸಬಹುದೆ?

ಪರ

ನವೆಂಬರ್ ತಿಂಗಳ ಬೆಳಗಿನ ಹೊತ್ತು, ಪಾಸ್‌ಬುಕ್ಕನ್ನೂ ಪಿಂಚಣಿ ಆದೇಶದ ಮಾಸಿದ ಪ್ರತಿಯನ್ನೂ ಎದೆಗವಚಿಕೊಂಡು, ಮೊಮ್ಮಗನ ತೋಳನ್ನು ಆಶ್ರಯಿಸಿ, ಬ್ಯಾಂಕಿನ ಮೆಟ್ಟಿಲುಗಳನ್ನು ಒಂದೊಂದಾಗಿ ಏರುತ್ತಿದ್ದ ವೃದ್ಧರ ಸಾಲನ್ನು ಕಂಡವರಾರೂ ಆ ಪದ್ಧತಿಯೇ ಚಿರಕಾಲ ಬಾಳಲೆಂದು ಹಾರೈಸಲಾರರು. 80 ವರ್ಷ ಮೀರಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವುಂಟು. ಆದರೂ ಸಾಲು ಸಾಲೇ. ಕೌಂಟರಿನವರೆಗೆ ನಡೆದುಹೋಗಲಾರದವರಂತೂ, ತಾವು ಜೀವಿಸಿರುವೆವೆಂಬ ಸಂಗತಿಗೆ ಗೆಜೆಟೆಡ್ ಅಧಿಕಾರಿಯೊಬ್ಬರ ರುಜುವನ್ನೂ ಮೊಹರನ್ನೂ ಸಂಪಾದಿಸುವುದಕ್ಕಾಗಿ ಮನೆಯವರನ್ನು ಅಲೆಸಬೇಕಾಗಿದ್ದಿತು.

2014ರ ನವೆಂಬರ್ 10ರಂದು ಆರಂಭವಾದ ‘ಜೀವನ್ ಪ್ರಮಾಣ್’ ವ್ಯವಸ್ಥೆಯು ಈ ಅಲೆದಾಟವನ್ನು ಬಹುಮಟ್ಟಿಗೆ ನೀಗಿಸಿತು. 12 ಅಂಕಿಗಳ ಆಧಾರ್ ಸಂಖ್ಯೆಯೊಡನೆ ಬೆರಳಚ್ಚನ್ನೋ ಕಣ್ಣಿನ ಪಾಪೆಯನ್ನೋ ತಾಳೆ ನೋಡಿದರೆ ಪ್ರಮಾಣಪತ್ರ ಸಿದ್ಧ. 2021ರಿಂದೀಚೆಗೆ ಮೊಬೈಲಿನ ಕ್ಯಾಮೆರಾದ ಮುಂದೆ ಮುಖವಿಟ್ಟು ರೆಪ್ಪೆ ಮಿಟುಕಿಸಿದರೂ ನಡೆಯುವುದು. ಧಾರವಾಡದ ಬ್ಯಾಂಕಿನಲ್ಲಿ ಪಿಂಚಣಿಯುಳ್ಳವರು ಪುಣೆಯ ಮಗಳ ಮನೆಯಿಂದಲೇ ಕೆಲಸ ಮುಗಿಸಬಹುದು. ಹಾಸಿಗೆ ಹಿಡಿದವರ ಬಳಿಗೆ ಅಂಚೆಯವರೇ ಉಪಕರಣ ತಂದು ಅಚ್ಚು ಪಡೆಯುವರು. ಗತಿಸಿದವರ ಹೆಸರಿನಲ್ಲಿ ಹಣವೆತ್ತುವ ವಂಚನೆಗೂ ಇದರಿಂದ ಆಸ್ಪದ ಕಡಿಮೆ. ಎರಡು ದಾರಿಗಳನ್ನು ತೆರೆದಿಟ್ಟರೆ ವಂಚಕನು ಸಡಿಲವಾದುದನ್ನೇ ಹಿಡಿಯುವನಾದುದರಿಂದ, ಒಂದನ್ನೇ ಇರಿಸಿ ಅದನ್ನು ಭದ್ರಪಡಿಸುವುದು ಲೇಸೆಂಬ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ವಿರೋಧ

ಆದರೆ ನಮ್ಮ ನೆರೆಮನೆಯ ಹಿರಿಯರೊಬ್ಬರ ಕೈಯನ್ನು ನಾನು ನೋಡಿರುವೆನು. 32 ವರ್ಷಗಳ ಕಾಲ ರೈಲುಹಾದಿಯಲ್ಲಿ ಗ್ಯಾಂಗ್‌ಮನ್ ಆಗಿ ಜಲ್ಲಿ ತುಂಬಿ, ಹಾರೆ ಹಾಕಿ ಹಳಿ ಸರಿಪಡಿಸಿದ ಆ ಕೈಯ ಬೆರಳತುದಿಗಳು ಹೊಳೆಯೊಳಗಿನ ಕಲ್ಲಿನಂತೆ ನುಣುಪಾಗಿವೆ. ಸೇವಾಕೇಂದ್ರವೊಂದರಲ್ಲಿ ಅವರ ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿಸಿದ ಹುಡುಗನು “ಥಂಬ್ ಬರ್ತಿಲ್ಲ ಅಜ್ಜಾ” ಎಂದನು. ಒದ್ದೆ ಬಟ್ಟೆಯಿಂದ ಒರೆಸಿ, ಬೆರಳು ಬದಲಿಸಿ, ಎಡಗೈಯನ್ನೂ ಪರೀಕ್ಷಿಸಿ, ಕಡೆಗೆ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದು ಕಳುಹಿಸಿದನು. ನಾಳೆಯೂ ಹಾಗೆಯೇ ಆಯಿತು. ಮುಖವನ್ನಾದರೂ ತೋರಿಸೋಣವೆಂದರೆ, ಪೊರೆ ತೆಗೆಸಿದ ಕಣ್ಣಿಗೆ ಪಟ್ಟಿ ಕಟ್ಟಿದ್ದಿತು.

ಯಾವ ದುಡಿಮೆಯಿಂದ ಪಿಂಚಣಿಯು ಪ್ರಾಪ್ತವಾಯಿತೋ ಆ ದುಡಿಮೆಯೇ ಬೆರಳಿನ ಗೆರೆಗಳನ್ನು ಸವೆಸಿರುವಾಗ, ಗೆರೆಯಿಲ್ಲವೆಂಬ ಕಾರಣದಿಂದ ಪಿಂಚಣಿಯನ್ನು ತಡೆಹಿಡಿಯುವುದು ಯಾವ ನ್ಯಾಯ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 26ರಂದು ಬಹುಮತದಿಂದ ಆಧಾರ್ ವ್ಯವಸ್ಥೆಯನ್ನು ಎತ್ತಿಹಿಡಿದುದು ನಿಜ. ಆದರೆ ಸರ್ಕಾರಿ ನೌಕರನ ಪಿಂಚಣಿಯಂತಹ, ದುಡಿದು ಗಳಿಸಿದ ಹಕ್ಕು, ಸವಲತ್ತಿಗೆ ಆಧಾರ್ ದೃಢೀಕರಣವನ್ನು ವಿಧಿಸಲು ಅವಕಾಶವೀಯುವ ಆಧಾರ್ ಕಾಯಿದೆಯ 7ನೆಯ ಪ್ರಕರಣದ ವ್ಯಾಪ್ತಿಗೆ ಬಾರದೆಂದೂ, ದೃಢೀಕರಣ ವಿಫಲವಾದ ಮಾತ್ರಕ್ಕೆ ಅರ್ಹರಿಗೆ ಸವಲತ್ತು ತಪ್ಪಕೂಡದೆಂದೂ ಅದೇ ಬಹುಮತದ ತೀರ್ಪು ಹೇಳಿತು.

ನನ್ನ ಆಕ್ಷೇಪವು ಯಂತ್ರದ ಮೇಲಿನದಲ್ಲ. ಯಂತ್ರ ಸೋತಾಗ ಆ ಸೋಲಿನ ಭಾರವನ್ನು ಕಛೇರಿಯು ಹೊರತಕ್ಕದ್ದೇ ಹೊರತು ಎಪ್ಪತ್ತೆಂಟರ ವೃದ್ಧರಲ್ಲ. ಕಾಗದದ ಹಾದಿಯನ್ನು ಮುಚ್ಚಿದ ದಿನ ಅದು ಸಂಪೂರ್ಣವಾಗಿ ಅವರ ಹೆಗಲಿಗೇ ಬೀಳುವುದು. ಗುಮಾಸ್ತರು ನಿರಾಕರಿಸಿದರೆ ಅವರ ಮೇಲಿನವರನ್ನು ಕೇಳಬಹುದಾಗಿದ್ದಿತು. ಪರದೆಯ ಮೇಲೆ ಮೂಡಿದ ಕೆಂಪಕ್ಷರಕ್ಕೆ ಮೇಲಿನವರಾರೆಂದು ಆ ಹುಡುಗನನ್ನು ಕೇಳಿದೆನು. ಪಾಪ, ಅವನಿಗೂ ತಿಳಿದಿರಲಿಲ್ಲ.

ಮೂರನೆಯ ದಿನ ಆಟೋದಲ್ಲಿ ಅವರನ್ನು ಬ್ಯಾಂಕಿಗೆ ಕರೆದೊಯ್ದೆನು. ಮೇಜಿನಾಚೆಯ ಅಧಿಕಾರಿಣಿಯು ಪಾಸ್‌ಬುಕ್ಕಿನ ಭಾವಚಿತ್ರವನ್ನೂ ಪಟ್ಟಿ ಕಟ್ಟಿದ ಮುಖವನ್ನೂ ಎರಡು ಬಾರಿ ನೋಡಿ, “ಕಣ್ಣು ಈಗ ಹೇಗಿದೆ?” ಎಂದು ವಿಚಾರಿಸಿ, ಅಚ್ಚಿನ ನಮೂನೆಯೊಂದನ್ನು ಅವರತ್ತ ಸರಿಸಿದರು. ಹಿರಿಯರು ತಡೆತಡೆದು ರುಜು ಹಾಕಿದರು. ಅದರ ಕೆಳಗೆ ಅಧಿಕಾರಿಣಿಯೂ ಹಾಕಿದರು. ಡಿಸೆಂಬರಿನ ಪಿಂಚಣಿ ಹೊತ್ತಿಗೆ ಸರಿಯಾಗಿ ಜಮೆಯಾಯಿತು.