ಧರ್ಮಗ್ರಂಥಗಳ ಪರಿಚಯವು ಎಲ್ಲಿಂದ ಆರಂಭವಾಗಬೇಕು?

ಧರ್ಮಗ್ರಂಥಗಳ ಪರಿಚಯವೆಂದೊಡನೆ ನಮ್ಮ ಮಕ್ಕಳ ಮುಂದೆ ಒಂದು ಯಾದಿಯನ್ನು ಇಡುವದು ರೂಢಿಯಾಗಿದೆ: ವೇದಗಳು ನಾಲ್ಕು, ಮಹಾಪುರಾಣಗಳು ಹದಿನೆಂಟು, ಗೀತೆಯ ಅಧ್ಯಾಯಗಳು ಹದಿನೆಂಟು. ಬಾಲಕನು ಅಂಕೆಗಳನ್ನು ಕಂಠಪಾಠ ಮಾಡುವನು. ಅರ್ಥವು ಮಾತ್ರ ಅವನಿಗೆ ದೂರವೇ ಉಳಿಯುವದು. ಯಾದಿಯು ಸುಳ್ಳಲ್ಲ; ಆದರೆ ಆರಂಭವು ಅಲ್ಲಿಂದ ಆಗತಕ್ಕದ್ದಲ್ಲ.

ಸಿಂಧನೂರು ತಾಲೂಕಿನ ಸಾಲಗುಂದದ ಬಾಲಕನನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ಅವನ ನೆರೆಯ ಮಾನವಿ ಸೀಮೆಯ ಚೀಕಲಪರವಿಯು ವಿಜಯದಾಸರ (1682–1755) ಜನ್ಮಸ್ಥಳ. ಅದೇ ಸೀಮೆಯ ಬ್ಯಾಗವಾಟವು ಜಗನ್ನಾಥದಾಸರದು. ಸಂಸ್ಕೃತದಲ್ಲಿ ಘನಪಂಡಿತರಾಗಿದ್ದ ಜಗನ್ನಾಥದಾಸರು ಮಧ್ವಶಾಸ್ತ್ರದ ಸಾರವನ್ನು ಹರಿಕಥಾಮೃತಸಾರದ 32 ಸಂಧಿಗಳಲ್ಲಿ, ಕನ್ನಡದ ಭಾಮಿನೀ ಷಟ್ಪದಿಯಲ್ಲಿ ಇಳಿಸಿದರು. ಅದರಲ್ಲೊಂದು ಸಂಧಿಯು ಭೋಜನಕ್ಕೇ ಮೀಸಲಾಗಿದೆ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ರೂಪವನ್ನು ಚಿಂತಿಸಿ ಉಣ್ಣಬೇಕೆಂಬುದು ಅಲ್ಲಿಯ ಉಪದೇಶ. ಶಾಸ್ತ್ರವು ಅಡಿಗೆಮನೆಗೆ ಬಂದಿತು!

ಇತ್ತ ಲಿಂಗಸುಗೂರು ಸೀಮೆಯ ಅಮರೇಶ್ವರವನ್ನು ನೋಡಿರಿ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಲ್ಲಿಂದ ಕಲ್ಯಾಣಕ್ಕೆ ಹೋದವರೆಂದು ಪ್ರತೀತಿ. ಪತಿಯು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತರಲು, ಅದನ್ನು ಮರಳಿ ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನು ಹೇಳಿದಳಂತೆ. ಅಪರಿಗ್ರಹವೆಂಬ ಶಬ್ದವನ್ನು ಬಾಲಕನಿಗೆ ಇದಕ್ಕಿಂತ ಚೆನ್ನಾಗಿ ಯಾವ ಭಾಷ್ಯವು ತಿಳಿಸೀತು?

ಒಂದು ವೈಷ್ಣವರದು, ಇನ್ನೊಂದು ಶರಣರದು. ಶಾಲೆಯಲ್ಲಿ ಇದರಿಂದ ಮತಭೇದವು ಹುಟ್ಟದೇ ಎಂದು ಕೆಲವರು ಶಂಕಿಸಬಹುದು. ಒಂದನ್ನೇ ಹೇಳಿ ಇನ್ನೊಂದನ್ನು ಮರೆಯಿಸಿದರೆ ಭೇದವು ಹುಟ್ಟುವದು ನಿಜ. ಎರಡನ್ನೂ ಜೊತೆಯಾಗಿ ಇಟ್ಟರೆ, ತುಳಸಿಯ ಕಟ್ಟೆಯ ಅರ್ಥವನ್ನು ಲಿಂಗಧಾರಿಯ ಮಗನೂ, ಇಷ್ಟಲಿಂಗದ ಅರ್ಥವನ್ನು ದಾಸರ ಮನೆಯ ಮಗನೂ ಅರಿಯುವರು. ಶಾಲೆಯು ದೀಕ್ಷೆಯನ್ನು ಕೊಡುವ ಮಠವಲ್ಲ. ಅರಿವನ್ನು ಕೊಡುವ ಸ್ಥಳ.

ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆಯು ಉರ್ದುವಾಗಿದ್ದಾಗ ಈ ಸೀಮೆಯ ಕನ್ನಡವು ಭಜನೆಯ ತಾಳದಲ್ಲಿ, ಪುರಾಣಪ್ರವಚನದಲ್ಲಿ, ಮುದುಕಿಯರ ಹಾಡಿನಲ್ಲಿ ಬಾಳಿತು. 1956ರಲ್ಲಿ ರಾಯಚೂರು ಜಿಲ್ಲೆಯು ಕನ್ನಡ ನಾಡಿನಲ್ಲಿ ಸೇರಿತು. ನೆಲವು ಕೂಡಿತೆಂದು ನೆಮ್ಮದಿಯಿಂದ ಕುಳಿತರೆ, ಆ ನೆಲದ ನುಡಿಯನ್ನು ಕಾಪಾಡಿದ ಹಾಡುಗಳು ಹಾಡುವವರೊಡನೆಯೇ ಅಳಿದುಹೋಗುವವು.

ಆದುದರಿಂದ ಉಪಾಧ್ಯಾಯ ಬಂಧುಗಳೇ, ಪಾಠದ ಮೊದಲ ದಿನ ಯಾದಿಯನ್ನು ಬರೆಯಿಸಬೇಡಿರಿ. ಮನೆಯ ಹಿರಿಯರಿಂದ ಒಂದು ಪದವನ್ನೋ ವಚನವನ್ನೋ ಅರ್ಥಸಹಿತ ಕೇಳಿಕೊಂಡು ಬರಲು ಹೇಳಿರಿ. ಮನೆಯ ಮಾತಿನಿಂದ ಹೊರಟವನಿಗೆ ವೇದೋಪನಿಷತ್ತುಗಳ ದಾರಿಯು ದೂರವೆನಿಸದು.